ಹಿನ್ನೆಲೆ ಸದ್ದು

ನಾಲ್ಕನೇ ಸೆಮಿಸ್ಟರ್, ರೇಡಿಯೋ ಪೇಪರು.
ಮೂರು ನಿಮಿಷದ ವಾರ್ತೆ ಓದಿ, ರೆಕಾರ್ಡ್ ಮಾಡಿ ತರಬೇಕು.
ಹಿಪ್ಪರಗಿ ಸರ್ ಹಲಗೆಯ ಮೇಲೆ ಬರೆದರು:
ಧ್ವನಿ ಸ್ಪಷ್ಟ, ಹಿನ್ನೆಲೆ ಶುದ್ಧ.
ಎರಡು ಸಲ ಗೆರೆ ಎಳೆದರು ಶುದ್ಧದ ಕೆಳಗೆ.

ಜಮಖಂಡಿಯ ನಮ್ಮ ಕಾಲೇಜಿಗೆ ಸ್ಟುಡಿಯೋ ಇದೆ.
ಬಾಗಿಲ ಮೇಲೆ ಹಾಗಂತ ಬರೆದಿದೆ.
ಒಳಗೆ ಕಾಲು ಮುರಿದ ಬೆಂಚುಗಳು,
ಗ್ಯಾದರಿಂಗಿನ ಹಳೇ ಪರದೆ, ಒಂದು ಪಾರಿವಾಳದ ಸಂಸಾರ.

ಹಾಗಾಗಿ ಬನಹಟ್ಟಿಯ ನಮ್ಮ ನಡುಮನೆಯೇ ನನ್ನ ಬಾನುಲಿ.
ಅಜ್ಜಿ ಹೊಲಿದ ಕೌದಿಯನ್ನು ತಲೆತುಂಬ ಹೊದ್ದು
ಮೊಣಕಾಲ ಮೇಲೆ ಫೋನು ನಿಲ್ಲಿಸಿ
ವಾರ್ತೆಗಳು, ಓದುತ್ತಿರುವವರು ಪ್ರಮಿಳಾ ಕೊಣ್ಣೂರ,
ಅನ್ನುತ್ತೇನೆ, ಅತ್ತೆಂದಿರ ಹಳೇ ಸೀರೆಗಳ ಕತ್ತಲಲ್ಲಿ ಬೆವರುತ್ತ.
ಕೌದಿಯೊಳಗೆ ಸಚಿವರು 'ತಿಳಿಸಿದ್ದಾರೆ'.
ಉಸಿರು ಕಟ್ಟಿ ಹೊರಗೆ ಬಂದರೆ ಅವರೇ 'ಹೇಳ್ಯಾರ'.

ಇಯರ್‌ಫೋನ್ ಹಾಕಿ ಕೇಳಿದೆ.
ಖಟಕ್ ಖಟಕ್ ಖಟಕ್.
ಸಂಪುಟದ ಸಭೆ ಖಟಕ್, ಈರುಳ್ಳಿ ದರ ಖಟಕ್,
ಮುಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ
ಒಣ ಹವೆ ಮುಂದುವರಿಯಲಿದೆ ಖಟಕ್.
ಈ ಓಣಿಯ ಮಗ್ಗದ ಸದ್ದಿನಲ್ಲೇ ಹುಟ್ಟಿದೆ,
ಆ ಸದ್ದಿಗೇ ನಿದ್ದೆ ಹೋದೆ, ಅದರ ಮೇಲೇ ಮಗ್ಗಿ ಕಲಿತೆ,
ಅದು ಸದ್ದು ಅಂತ ಗೊತ್ತಾಗಿದ್ದು
ಇಪ್ಪತ್ತನೇ ವಯಸ್ಸಿಗೆ, ಇಂಟರ್ನಲ್ ಮಾರ್ಕ್ಸಿನ ಸಲುವಾಗಿ.

ಹತ್ತು ಸಲ ಓದಿದೆ. ಹತ್ತು ಸಲವೂ ಖಟಕ್.
ಅವ್ವ ಕಂಡಿಕೆ ಸುತ್ತುತ್ತ ಅಂದಳು:
"ಕರೆಂಟ ಹೋಗೂತನಾ ತಡಿಯ. ಆಗ ಓದಾಕಿ."

ತಡೆದೆ. ಒಂದು ದಿನ, ಎರಡು ದಿನ.
ಮೂರನೇ ದಿನ ಗಡಿಯಾರ ನೋಡುತ್ತ ಕೂತಾಗ
ನಾನು ಬೇಡಿಕೊಳ್ಳುತ್ತಿದ್ದೇನೆ ಅಂತ ಹೊಳೆಯಿತು.
ಏನನ್ನು ಅಂತ ಹೊಳೆಯಲಿಲ್ಲ.

ಗುರುವಾರ, ಮಧ್ಯಾಹ್ನ ಎರಡೂ ಹತ್ತು.
ಫ್ಯಾನು ನಿಧಾನಿಸಿತು. ಪಕ್ಕದ ಮನೆಯದು ನಿಂತಿತು,
ಅದರಾಚೆಯದು, ಮೂಲೆಯ ಶೆಡ್ಡಿನ ಎಂಟೂ.
ಓಣಿ ಒಂದು ಕ್ಷಣ ಕಿವುಡಾದ ಹಾಗೆ.
ಅವ್ವ ತನ್ನ ಕೈರಾಟಿಯನ್ನೂ ನಿಲ್ಲಿಸಿ
ಬಾಯಿಗೆ ಸೆರಗು ಒತ್ತಿಕೊಂಡು ಕೂತಳು,
ಕೆಮ್ಮು ಬಂದೀತು ಅಂತ.
ಓದಿದೆ. ಒಂದೇ ಸಲಕ್ಕೆ. ತಪ್ಪಿಲ್ಲದೆ.

ರಾತ್ರಿ ಕೇಳುತ್ತ ಕೂತರೆ
ಒಂದು ನಿಮಿಷ ನಲವತ್ತನೇ ಸೆಕೆಂಡಿಗೆ,
'ವಿದ್ಯುತ್ ಪೂರೈಕೆಯಲ್ಲಿ ತುಸು ವ್ಯತ್ಯಯ'
ಅಂತ ನಾನು ಉಸಿರು ತೆಗೆದುಕೊಂಡ ಜಾಗದಲ್ಲಿ,
ಕೌದಿ, ಗೋಡೆ, ಎಲ್ಲ ದಾಟಿ ಚನಮಲ್ಲ ಕಾಕಾನ ದನಿ:
"ಹೋದೂವಲೇ ಇವತ್ತಿನ ಎರಡ ಸೀರಿ."

ಬೈಗುಳ ಅಲ್ಲ. ಗೋಳೂ ಅಲ್ಲ.
ಬಸ್ಸು ಹೋಯಿತು ಅನ್ನುವಷ್ಟೇ ಸಪ್ಪಗೆ.
ಪರದೆಯ ಮೇಲೆ ಅದು ಇರುವೆಗೂಡಿನಷ್ಟು ಉಬ್ಬು.
ಹಿಂದೆ ಮುಂದೆ ಗುರುತು ಹಾಕಿದೆ.
ಅಳಿಸಿದೆ.
ಹೌದು, ಅಳಿಸಿದೆ. ಸುಳ್ಳು ಯಾಕೆ ಹೇಳಲಿ.

ಇಪ್ಪತ್ತಕ್ಕೆ ಹದಿನೆಂಟು.
'ಹಿನ್ನೆಲೆ ಅತ್ಯಂತ ಶುದ್ಧ' ಎಂದು ಕೆಂಪು ಶಾಯಿ.
ತಮನ್ನಾ ಮುಲ್ಲಾಗೆ ಹನ್ನೊಂದು, ಅವಳದರಲ್ಲಿ ಒಂದು ಮೇಕೆ ಇತ್ತು.
"ಎಲ್ಲೆ ಸಿಕ್ತಲೇ ನಿನಗ ಇಷ್ಟ ಶಾಂತ ಜಾಗಾ?" ಅಂದಳು.
ನಾನು ಡಬ್ಬಿಯ ಚಪಾತಿ ಮುರಿಯುತ್ತ ಕೂತೆ.

ಕತ್ತರಿಸಿದ ಆ ತುಂಡು ಫೋನಿನಲ್ಲಿದೆ ಇನ್ನೂ.
ಹೆಸರಿಟ್ಟಿಲ್ಲ. ತಾರೀಖು ಮಾತ್ರ, ನಾಲ್ಕು ಸೆಕೆಂಡು.

ಮೊನ್ನೆ ಮತ್ತೆ ಲೈನು ಹೋಗಿತ್ತು.
ಕಾಕಾ ಕಟ್ಟೆಗೆ ಕೂತು ಬೀಡಿ ಹಚ್ಚುತ್ತ ಕೇಳಿದ:
"ಏನವಾ, ರೇಡಿಯೋದಾಗ ಓದಿದೆಂತಲ್ಲ,
ನಮ್ಮ ಓಣಿ ಸುದ್ದಿ ಬಂತೇನ?"

ಬಾಯಿ ತೆರೆದೆ.
ಕರೆಂಟು ಬಂತು.